ಬೋರನ ಪಾದ ಕೆತ್ತಿದ ಗಂಗಯ್ಯ

ಕೂಟಗಲ್ಲಿನ ಗಂಗಯ್ಯನಿಗೆ ಕುರಿ ಬಿಟ್ಟರೆ ಬೇರೆ ಲೋಕವಿರಲಿಲ್ಲ. ನನಗಿಂತ ಹತ್ತು ವರ್ಷ ದೊಡ್ಡವನು. ಅವನ ಮಂದೆ ನಮ್ಮ ಹೊಲದಲ್ಲೇ ತಂಗುತ್ತಿತ್ತು. ನಾನು ಎಷ್ಟು ರೇಗಿದರೂ ನಗುವ ಆಸಾಮಿ. ಅಂಥವನು ಹೆದರಿದ್ದನ್ನು ನಾನು ಕಂಡಿದ್ದು ಎರಡು ಸಾವಿರದ ಮೂರರಲ್ಲಿ, ಒಂದೇ ಸಲ.

ಆ ವರ್ಷ ಬಿಡದಿ ಕಡೆಯ ಬಯಲಿಗೆಲ್ಲ ಕಾರ್ಖಾನೆಗಳ ಕಾಂಪೌಂಡು ಎದ್ದು, ಕುರಿಗಳನ್ನು ಟಾರು ರಸ್ತೆಯಲ್ಲೇ ಹೊಡೆದುಕೊಂಡು ಹೋಗಬೇಕಾಯಿತು. ಕಾವಲು ನಾಯಿ ಬೋರನಿಗೆ ಕಣ್ಣಲ್ಲಿ ಗೀಜು, ಮೂಗಲ್ಲಿ ಸಿಂಬಳ ಶುರುವಾಯಿತು. ಅಂಗಾಲು ಒಣಗಿದ ಚಕ್ಕಳದ ಹಾಗೆ ಗಟ್ಟಿಯಾಗಿ ಬಿರಿಯಿತು. ಟಾರಿನ ಕಾವಿಗೆ ಹೀಗಾಗಿದೆ ಎಂದುಕೊಂಡ ಗಂಗಯ್ಯ, ಕುರಿಯ ಗೊರಸು ಕೆತ್ತುವ ಹಾಗೆಯೇ ನಾಯಿಯ ಪಾದವನ್ನೂ ಚಾಕುವಿನಿಂದ ಕೆತ್ತಿದ. ಬೋರ ಅವನ ಹೆಬ್ಬೆರಳು ಕಚ್ಚಿತು.

ಮೂರನೇ ದಿನ ಬೋರ ಬರಿಬಾಯಿ ಅಗಿಯುತ್ತ, ನೊರೆ ಸುರಿಸುತ್ತ, ಬಿದ್ದು ಒದ್ದಾಡಿ ಸತ್ತಿತು.

"ಹುಚ್ಚು ಹಿಡ್ದಿತ್ತು ಕಣಣ್ಣೋ, ಇವ್ರಿಗೆ ಕಚ್ಬುಟ್ಟೈತೆ," ಎಂದು ಅವನ ಹೆಂಡತಿ ದಾಸಮ್ಮ ನನ್ನ ಮುಂದೆ ಅತ್ತಳು.

"ಕಚ್ಚಿ ಮೂರ್ ದಿನ ಆಗೈತೆ, ಈಗ ಯೋಳ್ತಾ ಇದ್ದೀಯಲ್ಲ ಗಂಗಣ್ಣ, ತಲೇಲಿ ಏನೈತೆ ನಿಂಗೆ?" ಎಂದು ಕೂಗಾಡಿದೆ. ಹೆದರಿಕೆಯಾದರೆ ನನಗೆ ಮೊದಲು ಬರುವುದು ಸಿಟ್ಟು.

"ದಾರೀಲಿ ಬಯ್ಯಿವಂತೆ, ಗಾಡಿ ತೆಗಿ," ಎಂದ ಗಂಗಯ್ಯ.

ಬೋರನ ಹೆಣವನ್ನೂ ಗಾಡಿಗೆ ಹಾಕಿಕೊಂಡು ಹೋದೆವು. ರಾಮನಗರದ ಪಶುವೈದ್ಯೆ ಪ್ರತಿಮಾ ಅದನ್ನು ಕೊಯ್ದು ನೋಡಿದರು. ಸ್ಪಂಜಿನಂತೆ ಇರಬೇಕಾದ ಶ್ವಾಸಕೋಶ ಕೆಂಪಗೆ ಗಟ್ಟಿಯಾಗಿತ್ತು. "ಬೇರೆ ರೋಗ ಇರಬಹುದು. ಮಿದುಳು ನೋಡದೆ ಹೇಳಕ್ಕಾಗಲ್ಲ. ಅಲ್ಲೀವರೆಗೂ ಆಸ್ಪತ್ರೇಲಿ ಹುಚ್ಚಿನ ಇಂಜೆಕ್ಷನ್ ತಪ್ಪಿಸಬೇಡಿ," ಎಂದು ತಲೆಯನ್ನೂ ಒಳಗಿನ ತುಂಡುಗಳನ್ನೂ ಬೆಂಗಳೂರಿಗೆ ಕಳಿಸಿದರು.

ದಿನಾ ಹೊಕ್ಕುಳ ಸುತ್ತ ಸೂಜಿ. ನೀರಿಗೆ ಹೆದರುವುದೇ ಹುಚ್ಚಿನ ಗುರುತೆಂದು ಯಾರೋ ಹೇಳಿದ್ದರು. ಗಂಗಯ್ಯ ಬೆಳಿಗ್ಗೆ ನನ್ನೆದುರು ಚೊಂಬು ಎತ್ತಿ ಗಟಗಟ ಕುಡಿದು, "ಇಳೀತಾ? ಸರಿಯಾಗ್ ನೋಡ್ದೇನ್ಲಾ?" ಎನ್ನುತ್ತಿದ್ದ. ಒಂದು ದಿನ ನೀರು ನೆತ್ತಿಗೇರಿ ಕೆಮ್ಮಿದ. ದಾಸಮ್ಮ ಓಡಿಬಂದು ಚೊಂಬು ಕಿತ್ತುಕೊಂಡಳು. ನಾನು ಬಯ್ಯುವುದನ್ನೂ ಮರೆತು ಅವನ ನೆತ್ತಿ ತಟ್ಟಿದೆ.

ಹನ್ನೊಂದನೇ ದಿನ ರಿಪೋರ್ಟು ಬಂತು.

"ಹುಚ್ಚಲ್ಲ, ಡಿಸ್ಟೆಂಪರ್," ಎಂದರು ಡಾಕ್ಟರು. "ನಾಯಿಗಳಿಗೆ ಬರೋ ಸೋಂಕು. ಮಿದುಳು, ಶ್ವಾಸಕೋಶದ ಜೀವಕೋಶಗಳ ಒಳಗೆ ಆ ರೋಗದ ಕೆಂಪು ಚುಕ್ಕೆ ಸಿಕ್ಕಿವೆ. ಪಾದ ಗಟ್ಟಿಯಾಗಿದ್ದೂ ಅದಕ್ಕೇ, ಟಾರಿಗಲ್ಲ. ಮನುಷ್ಯರಿಗೆ ಬರಲ್ಲ."

"ಬರಲ್ಲ ಅಂದ್ರೆ ಬರಲ್ಲ ತಾನೇ?" ನಾನು ಮೇಜು ಗುದ್ದಿದೆ.

"ಬರಲ್ಲ ಕಣ್ರೀ. ಮೇಜು ಸರ್ಕಾರದ್ದು."

ಗಂಗಯ್ಯ ಹೊರಗೆ ಬಂದು ಬೇವಿನ ಮರದ ಕೆಳಗೆ ಕೂತುಬಿಟ್ಟ. "ಏನಾರ ತಿನ್ನಾನ ಕಣ್ಲಾ, ಹೊಟ್ಟೆ ಹಸೀತೈತೆ," ಎಂದ. ಹೋಟೆಲಿನಲ್ಲಿ ಇಡ್ಲಿ ಮುರಿಯುವ ಮೊದಲು ನೀರಿನ ಲೋಟ ಎತ್ತಿ, ನನ್ನ ಕಡೆ ನೋಡುತ್ತಲೇ ಗಟಗಟ ಕುಡಿದ.