ಇಪ್ಪತ್ತೈದನೆಯ ಬಾಟಲಿ

ಇಂಥ ಕತೆಗಳನ್ನು ನಾನು ನಂಬುವವಳಲ್ಲ. ಯಾರಾದರೂ ಹುಣಸೆಮರದ ದೆವ್ವದ ಸುದ್ದಿ ತೆಗೆದರೆ ಸಾಕು, ಎಷ್ಟು ಗಂಟೆಗೆ ಬಂತು, ಜೊತೆಗೆ ಯಾರಿದ್ದರು, ಅವತ್ತು ಊಟಕ್ಕೇನು ಮಾಡಿದ್ದಿರಿ ಎಂದು ಕೇಳಿ ಕೇಳಿ ಹೇಳುವವರ ಉತ್ಸಾಹವನ್ನೇ ಇಳಿಸಿಬಿಡುತ್ತಿದ್ದೆ. ಈಗ ನಾನೇ ಒಂದು ಹೇಳಲು ಕುಳಿತಿದ್ದೇನೆ. ಅದೇ ಪ್ರಶ್ನೆಗಳನ್ನು ನೀವು ನನಗೂ ಕೇಳಬಹುದು, ಬೇಸರವಿಲ್ಲ. ನನ್ನನ್ನು ನಾನೇ ನೂರು ಸಲ ಕೇಳಿಕೊಂಡಾಗಿದೆ.

ನನ್ನ ಓದು ವಿಷಶಾಸ್ತ್ರ. ಮದುವೆ ಮನೆಗಳಲ್ಲಿ ಇದನ್ನು ಹೇಳಿದರೆ ಪಕ್ಕದಲ್ಲಿ ಕುಳಿತವರು ತಮ್ಮ ಎಲೆಯನ್ನು ಸ್ವಲ್ಪ ಆಚೆ ಸರಿಸಿಕೊಳ್ಳುತ್ತಾರೆ. ನಿಜದಲ್ಲಿ ನಾನು ಮಾಡುವುದು ಬಹಳ ಸಪ್ಪೆ ಕೆಲಸ. ಊರೂರಿಗೆ ಹೋಗಿ ಬೋರಿನ ನೀರು ತುಂಬಿಸಿಕೊಂಡು ಬಂದು, ಅದರಲ್ಲಿ ಆರ್ಸೆನಿಕ್ ಎಷ್ಟಿದೆ ಎಂದು ನೋಡುವುದು. ಆರ್ಸೆನಿಕ್ ಎಂದರೆ ನಮ್ಮ ಹಿರಿಯರು ಪಾಷಾಣ ಎನ್ನುತ್ತಿದ್ದುದೇ. ನೀರಿನಲ್ಲಿ ಬೆರೆತರೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಲ್ಲೂ ಗೊತ್ತಾಗುವುದಿಲ್ಲ. ವರ್ಷಗಟ್ಟಲೆ ಕುಡಿದ ಮೇಲೆ ಅಂಗೈ ಅಂಗಾಲು ಗಂಟುಕಟ್ಟಿ ಒರಟಾದಾಗಲೇ ತಿಳಿಯುವುದು. ನಮ್ಮ ರಾಯಚೂರು ಜಿಲ್ಲೆಯ ಕೆಲವು ಕಡೆ ನೆಲದೊಳಗಿನ ಕಲ್ಲಿನಲ್ಲೇ ಅದು ಇದೆ.

ಈ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಚೀಟಿ. ಯಾವ ಬಾಟಲಿ ಯಾವ ಬೋರಿನದು, ಯಾವ ದಿನದ್ದು, ತುಂಬಿದವರು ಯಾರು ಎಂದು ಅಲ್ಲೇ ನಿಂತು ಪೆನ್ಸಿಲ್ಲಿನಲ್ಲಿ ಬರೆದು ಅಂಟಿಸಬೇಕು. ಪೆನ್ನಿನ ಶಾಯಿ ನೀರು ತಾಕಿದರೆ ಕದಡುತ್ತದೆ. ಈ ಚಟ ನನಗೆ ಎಷ್ಟು ಅಂಟಿದೆಯೆಂದರೆ ಮನೆಯ ಉಪ್ಪಿನ ಡಬ್ಬಿಗೂ ತಾರೀಖು ಹಾಕಿದ ಚೀಟಿ ಇದೆ. ಒಂದು ದಿನ ಇವಳು ನನಗೂ ಒಂದು ಅಂಟಿಸುತ್ತಾಳೆ ಎಂದು ನಮ್ಮತ್ತೆ ಬಂದವರ ಮುಂದೆಲ್ಲ ಹೇಳಿ ನಗುತ್ತಾರೆ.

ಇದು ನಡೆದು ಕೆಲವು ವರ್ಷವಾಯಿತು. ಆಗ ನಾನು ಪಿಎಚ್‌ಡಿ ಮಾಡುತ್ತಿದ್ದೆ. ಮಾನ್ವಿ ತಾಲೂಕಿನ ಕಲ್ಲೂರು ಕಡೆಯ ನೀರು ತಂದು ಮುಗಿಸಿ, ದೇವದುರ್ಗದ ಕಡೆ ತಿರುಗಿದ್ದೆವು. ಅರಕೇರಾದಿಂದ ಒಳಗೆ ಹೋದರೆ ಸಿಗುವ ಒಂದು ಸಣ್ಣ ಊರು, ಮತ್ತು ಹೊಲಗಳ ನಡುವೆ ಚದುರಿಕೊಂಡ ಅದರ ದೊಡ್ಡಿಗಳು, ಅಂದರೆ ನಾಲ್ಕಾರು ಮನೆಗಳ ಗುಂಪುಗಳು. ಊರಿನ ಹೆಸರು ಹೇಳುವುದಿಲ್ಲ. ನೀರಿನ ಸುದ್ದಿ ಹಬ್ಬಿ ಆ ಊರಿಗೆ ಹೆಣ್ಣು ಕೊಡುವವರು ಹಿಂದೆ ಸರಿದರೆ ಆ ಪಾಪ ನನಗೇಕೆ?

ಜೊತೆಗಿದ್ದವನು ಜೀಪಿನ ಡ್ರೈವರ್ ಖಾಜಾ. ಒಳ್ಳೆಯ ಮನುಷ್ಯ, ಆದರೆ ಅವನಿಗೆ ಹತ್ತು ನಿಮಿಷಕ್ಕೊಮ್ಮೆ ಬಾಯಾರುತ್ತಿತ್ತು. ಇಪ್ಪತ್ತೈದು ಬಾಟಲಿ ಒಯ್ದಿದ್ದೆವು. ಮಧ್ಯಾಹ್ನದ ಹೊತ್ತಿಗೆ ಊರಿನ ನೀರೆಲ್ಲ ಮುಗಿಯಿತು, ಇಪ್ಪತ್ತನಾಲ್ಕು ತುಂಬಿದವು, ಒಂದು ಖಾಲಿ ಉಳಿಯಿತು. ಅಷ್ಟರಲ್ಲಿ ಜೀಪು ಪಂಕ್ಚರ್. ಬಿಸಿಲಿಗೆ ಐಸ್ ಕರಗುತ್ತದೆಂದು ಪೆಟ್ಟಿಗೆಯನ್ನು ಅಮರಮ್ಮ ಎಂಬ ಮುದುಕಿಯ ಮನೆಯೊಳಗೆ ಇಟ್ಟೆವು. ಕುರಿ ಕಾಯುವ ಮನೆತನದವಳು, ಮಾತಿಗೆ ಬರವಿಲ್ಲ. ಕೂಡಿಸಿ ಮಜ್ಜಿಗೆ ಕೊಟ್ಟಳು. ಅಂಗನವಾಡಿಗೆ ಹೋಗುವ ಮೊಮ್ಮಗಳು ಅವಳ ಸೀರೆಯ ಸೆರಗು ಹಿಡಿದು ನಮ್ಮನ್ನೇ ನೋಡುತ್ತಿತ್ತು.

ಹೊರಡುವಾಗ ಪೆಟ್ಟಿಗೆ ತೆಗೆದರೆ ಬಾಟಲಿಗಳ ಮೇಲೆ ಬಟ್ಟೆಯಲ್ಲಿ ಸುತ್ತಿದ ಜೋಳದ ರೊಟ್ಟಿ ಮತ್ತು ಶೇಂಗಾ ಹಿಂಡಿ! ಪರೀಕ್ಷೆಗೆ ಹೋಗುವ ನೀರಿನ ಮೇಲೆ ಖಾರದ ಪುಡಿ ಇದ್ದರೆ ವಿಷಶಾಸ್ತ್ರದವರ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಎಂದು ನಿಮಗೆ ಗೊತ್ತಿಲ್ಲ. ಮನೆಗೆ ಬಂದ ಡಬ್ಬಿ, ಪಾತ್ರೆಯನ್ನು ಬರಿದಾಗಿ ತಿರುಗಿ ಕಳಿಸಬಾರದು ಎಂಬುದು ಅವಳ ಪದ್ಧತಿ, ನಮ್ಮೆಲ್ಲರದೂ ಹೌದು. ನಾನು ಗಂಟನ್ನು ಹೊರಗೆ ತೆಗೆದು ಎಲ್ಲ ಬಾಟಲಿ ಒರೆಸಿ, ಎಣಿಸಿ ಇಡುತ್ತಿದ್ದೆ. ಅಮರಮ್ಮ ಬಗ್ಗಿ ನೋಡಿದಳು.

“ಇದೊಂದು ಬರಿದ ಹೊಂಟದಲ್ಲ ತಂಗಿ. ಬರಿದು ಒಯ್ಯಬಾರ್ದು. ತಾ, ಏನರ ಹಾಕಿ ಕೊಡ್ತೀನಿ.”

ಅದು ಖಾಲಿಯೇ ಇರಬೇಕು ಯವ್ವಾ ಎಂದು ನಕ್ಕೆ. ಖಾಲಿ ಇದ್ದರೆ ತನಗಾದರೂ ಕೊಡಿ, ದಾರಿಗೆ ನೀರು ತುಂಬಿಕೊಳ್ಳುತ್ತೇನೆ ಎಂದು ಖಾಜಾ ಅದನ್ನು ಕೈಯಲ್ಲಿ ಹಿಡಿದೇಬಿಟ್ಟ. ಅವನಿಂದಲೂ ಕಸಿದುಕೊಂಡೆ. ಇಷ್ಟು ವಿವರ ಏಕೆ ಹೇಳುತ್ತಿದ್ದೇನೆಂದರೆ, ಆ ಬಾಟಲಿ ಖಾಲಿ ಇತ್ತು ಎಂಬುದಕ್ಕೆ ನನ್ನದಲ್ಲದೆ ಇನ್ನೂ ಎರಡು ಜೋಡಿ ಕಣ್ಣು ಸಾಕ್ಷಿ ಇವೆ. ಪೆಟ್ಟಿಗೆ ಮುಚ್ಚಿ, ಸುತ್ತ ಟೇಪ್ ಹಚ್ಚಿ, ಟೇಪಿನ ಮೇಲೆ ಸಹಿ ಮಾಡಿದೆ. ದೇವದುರ್ಗದ ಬಸ್ ಸ್ಟ್ಯಾಂಡ್ ಹತ್ತಿರ ಚಹಾಕ್ಕೆ ನಿಂತಾಗಲೂ ಅದು ನನ್ನ ಕಾಲಬುಡದಲ್ಲೇ ಇತ್ತು. ರೊಟ್ಟಿಯನ್ನು ಅಲ್ಲೇ ತಿಂದೆವು, ಬಹಳ ಚೆನ್ನಾಗಿತ್ತು.

ರಾಯಚೂರಿಗೆ ಬಂದು ಲ್ಯಾಬಿನಲ್ಲಿ ಪೆಟ್ಟಿಗೆ ಇಳಿಸಿದೆವು. ಟೇಪು ಹಾಗೇ ಇತ್ತು, ಸಹಿಯೂ ಹಾಗೇ ಇತ್ತು. ಕತ್ತರಿಸಿ ತೆಗೆದೆ. ಇಪ್ಪತ್ತೈದೂ ಬಾಟಲಿ ತುಂಬಿದ್ದವು.

ಮೊದಲು ನನಗೆ ಬಂದದ್ದು ಭಯವಲ್ಲ, ಸಿಟ್ಟು. ಚೀಟಿಯಿಲ್ಲದ ಬಾಟಲಿ, ಅದೂ ನನ್ನ ಪೆಟ್ಟಿಗೆಯಲ್ಲಿ! ಖಾಜಾನನ್ನು ದಬಾಯಿಸಿದೆ. ಅವನಿಗೆ ನನಗಿಂತ ಹೆಚ್ಚು ಬೇಸರವಾಗಿತ್ತು. “ನಾ ಕೇಳಿದ್ರ ಕೊಡಲಿಲ್ಲ, ಈಗ ನೀವಽ ತುಂಬಿ ಇಟ್ಟೀರಿ,” ಎಂದು ಮುಖ ಊದಿಸಿಕೊಂಡು ಹೋದ. ಉಳಿದವು ಸೋರಿರಬಹುದೆಂದು ಒಂದೊಂದನ್ನೂ ನೋಡಿದೆ. ಎಲ್ಲವೂ ಕುತ್ತಿಗೆಯವರೆಗೆ ತುಂಬಿದ್ದವು, ಮುಚ್ಚಳ ಬಿಗಿಯಾಗಿದ್ದವು. ಐಸ್ ಕರಗಿದ ನೀರು ಒಳಗೆ ಹೋಗಿದೆಯೇ ಎಂದು ಅದನ್ನೂ ಇಪ್ಪತ್ತೈದನೆಯ ಬಾಟಲಿಯನ್ನೂ ಉಳಿದವುಗಳ ಜೊತೆ ಪರೀಕ್ಷೆಗೆ ಹಾಕಿದೆ.

ಫಲಿತಾಂಶ ಬಂತು. ಇಪ್ಪತ್ತನಾಲ್ಕು ಬಾಟಲಿಯ ನೀರು ಕುಡಿಯಲು ಅಡ್ಡಿಯಿಲ್ಲ. ಐಸ್ ನೀರಿನಲ್ಲೂ ಏನಿಲ್ಲ. ಇಪ್ಪತ್ತೈದನೆಯದರಲ್ಲಿ ಮಾತ್ರ ಆರ್ಸೆನಿಕ್ ಮಿತಿಯನ್ನು ಎಷ್ಟೋ ಪಟ್ಟು ಮೀರಿತ್ತು. ವಿಳಾಸವಿಲ್ಲದ ನೀರು, ಚೆಲ್ಲಿಬಿಡಮ್ಮ ಎಂದರು ನಮ್ಮ ಗೈಡ್ ಸರ್. ನಿಯಮವೂ ಅದೇ. ಆದರೆ ನನಗೆ ಚೆಲ್ಲಲು ಕೈ ಬರಲಿಲ್ಲ. ಹೇಗೇ ಬಂದಿರಲಿ, ಈ ನೀರು ಆ ಊರಿನದಾಗಿದ್ದರೆ ಯಾರೋ ಅದನ್ನು ದಿನಾ ಕುಡಿಯುತ್ತಿರಬೇಕು. ಸೆರಗು ಹಿಡಿದು ನಿಂತ ಆ ಮಗು ಕಣ್ಣ ಮುಂದಿನಿಂದ ಹೋಗಲಿಲ್ಲ.

ಖಾಜಾನನ್ನು ಒಲಿಸಿಕೊಂಡು ಮತ್ತೆ ಹೋದೆ. ನಾವು ಬಿಟ್ಟಿರಬಹುದಾದ ಬೋರು, ಹಳೆಯ ಬಾವಿ, ದನ ಕುಡಿಯುವ ತೊಟ್ಟಿಯ ನೀರನ್ನೂ ತಂದೆ. ಯಾವುದರಲ್ಲೂ ಇಲ್ಲ. ಕಡೆಗೆ ಇನ್ನೊಮ್ಮೆ ಹೋಗಿ ಅಮರಮ್ಮನ ಕಟ್ಟೆಯ ಮೇಲೆ ಕುಳಿತು ನಡೆದದ್ದನ್ನೆಲ್ಲ ಹೇಳಿದೆ, ನೀನೇನಾದರೂ ತುಂಬಿದ್ದೆಯಾ ಎಂದೂ ಕೇಳಿದೆ. ನೀನೇ ನನ್ನ ಮುಂದೆ ಟೇಪು ಹಚ್ಚಿಕೊಂಡು ಹೋದೆಯಲ್ಲ ಎಂದು ಅವಳು ಜೋರಾಗಿ ನಕ್ಕಳು. ಊರಲ್ಲಿ ಎಲ್ಲೇ ಹೊಸ ನೀರು ಬಿದ್ದರೂ ಯಾರೂ ಕುಡಿಯುವ ಮೊದಲು ನನಗೊಂದು ಫೋನ್ ಮಾಡಿಸು ಎಂದು ನಂಬರು ಬರೆದುಕೊಟ್ಟು ಬಂದೆ. ಅದನ್ನು ಯಾಕೆ ಹೇಳಿದೆನೋ ನನಗೂ ತಿಳಿಯದು. ಬರಿಗೈಲಿ ಹಿಂದಿರುಗಲು ನಾಚಿಕೆಯಾಗಿತ್ತು, ಅಷ್ಟೇ.

ಐದಾರು ತಿಂಗಳು ಕಳೆದವು. ನಾನು ಅದನ್ನು ಮರೆಯುವ ಹಂತಕ್ಕೆ ಬಂದಿದ್ದೆ. ಒಂದು ದಿನ ಫೋನ್ ಬಂತು.

“ತಂಗಿ, ಅಂಗನವಾಡಿ ಮುಂದ ಬೋರ್ ಹಾಕ್ಯಾರ. ಭಾಳ ಆಳಕ್ಕ ನೀರು ಬಿದ್ದಾವ. ಸೋಮವಾರ ನಳ ಚಾಲೂ ಮಾಡ್ತಾರಂತ. ನೀ ಲಗೂನ ಬಾ.”

ಮರುದಿನವೇ ಹೋದೆ. ನಾವು ಮೊದಲ ಸಲ ಬಂದಾಗ ಬೇವಿನ ಗಿಡದ ಕೆಳಗೆ ಬರೀ ಗರಸು ನೆಲವಿದ್ದ ಜಾಗ ಅದು. ಪಂಕ್ಚರಾದ ಜೀಪನ್ನು ಅಲ್ಲೇ ನಿಲ್ಲಿಸಿದ್ದೆವು. ಈಗ ಹೊಸ ಮೋಟರು, ಹೊಸ ಸಿಂಟೆಕ್ಸ್ ಟ್ಯಾಂಕು, ಮಕ್ಕಳ ಎತ್ತರಕ್ಕೆ ಸಾಲಾಗಿ ಕೂರಿಸಿದ ನಳಗಳು. ನೀರು ಕನ್ನಡಿಯಂತಿತ್ತು. ತುಂಬಿಸಿಕೊಂಡು ಬಂದು, ಹಳೆಯ ಬಾಟಲಿಯಲ್ಲಿ ಉಳಿದಿದ್ದ ನೀರಿನ ಜೊತೆಗೇ ಪರೀಕ್ಷೆಗೆ ಹಾಕಿದೆ. ಒಂದೇ ಬಾಟಲಿಯ ನೀರನ್ನು ಎರಡು ಸಲ ನೋಡಿದರೂ ಕೊನೆಯ ಅಂಕಿ ಸ್ವಲ್ಪ ಆಚೀಚೆ ಆಗುತ್ತದೆ. ಇಲ್ಲಿ ಅಷ್ಟೂ ಆಗಲಿಲ್ಲ. ಆರ್ಸೆನಿಕ್, ಫ್ಲೋರೈಡ್, ಉಪ್ಪಿನಂಶ, ಎಲ್ಲವೂ ಒಂದೇ. ನನಗೆ ಭಯ ಬಂದದ್ದು ಆಗ. ಕೊರೆಯುವ ಐದಾರು ತಿಂಗಳ ಮೊದಲೇ ಆ ಬೋರಿನ ನೀರು ನನ್ನ ಪೆಟ್ಟಿಗೆಯಲ್ಲಿತ್ತು.

ಭಾನುವಾರ ರಜೆಯೆಂದು ನೋಡದೆ ಗೈಡ್ ಸರ್ ಜೊತೆ ಓಡಾಡಿ ಪಂಚಾಯಿತಿಗೆ ವರದಿ ಮುಟ್ಟಿಸಿದೆವು. ಸೋಮವಾರ ನಳ ಬಿಡಲಿಲ್ಲ. ಬೋರಿಗೆ ಕೆಂಪು ಬಣ್ಣ ಬಳಿದು ಮುಚ್ಚಿದರು, ಊರೊಳಗಿನ ಒಳ್ಳೆಯ ಬೋರಿನಿಂದ ಆ ನಳಗಳಿಗೆ ಪೈಪ್ ಎಳೆದರು. ಮುಂದಿನ ಸಲ ಹೋದಾಗ ಅಮರಮ್ಮನ ಮೊಮ್ಮಗಳು ಅದೇ ನಳಕ್ಕೆ ಬಾಯಿಹಚ್ಚಿ ನೀರು ಕುಡಿದು, ನನ್ನ ಸೀರೆಗೇ ಮುಖ ಒರೆಸಿತು. ನಾನು ಅಷ್ಟು ಸಂತೋಷಪಟ್ಟ ದಿನಗಳು ಕಡಿಮೆ. ರೊಟ್ಟಿಯ ಬಟ್ಟೆಯನ್ನು ಒಗೆದು, ಅದರಲ್ಲಿ ಕಲ್ಲುಸಕ್ಕರೆ ಕಟ್ಟಿ ಅಮರಮ್ಮನಿಗೆ ತಿರುಗಿ ಕೊಟ್ಟೆ. ಹೇಗಾಯಿತು ಯವ್ವಾ ಇದು ಎಂದು ಕೇಳಿದೆ.

“ಬರಿದು ಒಯ್ಯಬ್ಯಾಡಂತ ನಾ ಹೇಳಿದ್ನಿ. ನನ್ನ ಕೈಲಿ ನೀ ಇಸ್ಕೊಳ್ಳಲಿಲ್ಲ. ಮತ್ತ್ಯಾರೋ ತುಂಬ್ಯಾರ, ಬಿಡು,” ಎಂದಳು. ಅವಳಿಗೆ ಅಲ್ಲಿಗೆ ಮುಗಿಯಿತು. ಕುರಿ ಹೊರಡಿಸುವ ಹೊತ್ತಾಗಿತ್ತು.

ನನಗೆ ಮುಗಿದಿಲ್ಲ. ಈಗ ನಾನೇ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತೇನೆ, ಚೀಟಿಯಿಲ್ಲದ ಬಾಟಲಿ ತಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಬೈಯುತ್ತೇನೆ. ಹಾಗಿದ್ದೂ ಪ್ರತಿ ಸಲ ಊರುಗಳಿಗೆ ಹೊರಟಾಗ ಒಂದು ಬಾಟಲಿ ಹೆಚ್ಚಿಗೆ ಇಟ್ಟುಕೊಳ್ಳುತ್ತೇನೆ. ಬಂದ ಮೇಲೆ ಎಲ್ಲಕ್ಕೂ ಮೊದಲು ಅದನ್ನೇ ಎತ್ತಿ ಅಲ್ಲಾಡಿಸಿ ನೋಡುತ್ತೇನೆ. ಇಲ್ಲಿಯವರೆಗೆ ಖಾಲಿಯೇ ಇದೆ. ಖಾಜಾ ಪಕ್ಕದಲ್ಲಿ ನಿಂತು, ಹಾಗಾದರೆ ಈ ಸಲ ನನಗೆ ಕೊಡಿ ಎನ್ನುತ್ತಾನೆ.

ಆ ಹಳೆಯ ರಿಜಿಸ್ಟರ್ ನನ್ನ ಕಪಾಟಿನಲ್ಲಿದೆ. ಇಪ್ಪತ್ತೈದರ ಸಾಲಿನಲ್ಲಿ ಎಲ್ಲಿಯ ನೀರು ಎಂಬ ಕಾಲಂನಲ್ಲಿ ಆಮೇಲೆ ‘ಅಂಗನವಾಡಿ ಬೋರ್’ ಎಂದು ಬರೆದೆ. ಅದರ ಪಕ್ಕ ‘ತುಂಬಿದವರು’ ಎಂಬ ಇನ್ನೊಂದು ಕಾಲಂ ಇದೆ. ಪೆನ್ಸಿಲ್ ಹಿಡಿದು ಎಷ್ಟೋ ಸಲ ಅದರ ಮುಂದೆ ಕುಳಿತಿದ್ದೇನೆ.