ಗೋಡೆಗೆ ಬೆನ್ನು ಮಾಡಿದ ತೊಟ್ಟಿ

ಮಾರ್ಚ್ ೨, ಭಾನುವಾರ. ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಎರಡನೆಯ ಪೂಜೆ ಈಗಷ್ಟೇ ಮುಗಿದಿದೆ.

ನಮ್ಮ ಚರ್ಚಿನ ಜ್ಞಾನಸ್ನಾನದ ತೊಟ್ಟಿಯ ಹಿಂಬದಿಯಲ್ಲಿ ಅಕ್ಷರಗಳಿದ್ದವು. ನಾನು ಕಣ್ಣಾರೆ ನೋಡಿದೆ. ನೋಡಿಯೂ ಇಲ್ಲವೆಂದೆ. ಈ ನಾಲ್ಕು ವರ್ಷಗಳಲ್ಲಿ ಆ ಸುಳ್ಳನ್ನು ಹನ್ನೊಂದು ಸಲ ಹೇಳಿದ್ದೇನೆ. ಪ್ರತಿ ಸಲವೂ ದಿನಚರಿಯ ಅಂಚಿನಲ್ಲಿ ಒಂದು ಗೆರೆ ಎಳೆದಿದ್ದೇನೆ. ಹನ್ನೆರಡನೆಯದು ಇವತ್ತು ಬೆಳಿಗ್ಗೆ ನಾಲಿಗೆಯ ತುದಿಗೆ ಬಂದಿತ್ತು — ಅದನ್ನು ನುಂಗಿಕೊಂಡು ಬಂದು ಇದನ್ನು ಬರೆಯಲು ಕೂತಿದ್ದೇನೆ.

ಶೆಟ್ಟಿಹಳ್ಳಿಯ ಅಂಚಿನಲ್ಲಿರುವ ನಮ್ಮ ಚರ್ಚು ಚಿಕ್ಕದು. ತೊಟ್ಟಿ ಮಾತ್ರ ಚರ್ಚಿಗಿಂತ ಎಷ್ಟೋ ಹಳೆಯದು. ಒಂದೇ ಬಂಡೆಯಲ್ಲಿ ಕಡೆದದ್ದು, ಬಾಯಂಚು ಸವೆದು ನುಣುಪಾಗಿದೆ. ಪ್ರತಿ ವರ್ಷ ಪಾಸ್ಕ ಹಬ್ಬಕ್ಕೆ, ಅಂದರೆ ಈಸ್ಟರಿಗೆ ಮೊದಲು, ಕೊನೆಯದಾಗಿ ಜ್ಞಾನಸ್ನಾನವಾದ ಮಗುವಿನ ಮನೆಯವರು ಅದರ ಹೊರಮೈಗೆ ಸುಣ್ಣ ಬಳಿಯಬೇಕು. ಬೇರೆ ಯಾವ ಚರ್ಚಿನಲ್ಲೂ ಈ ಪದ್ಧತಿ ಇದ್ದದ್ದನ್ನು ನಾನು ಕೇಳಿಲ್ಲ. ವರ್ಷಕ್ಕೊಂದು ಪದರ, ಕಡೆಗೆ ಕಲ್ಲೇ ಕಾಣದಷ್ಟು ಸುಣ್ಣ. ಒಮ್ಮೆ ಉದುರಿದ ಚಕ್ಕೆಯೊಂದರ ಅಂಚನ್ನು ಭೂತಗನ್ನಡಿಯಲ್ಲಿ ಹಿಡಿದು ಅರವತ್ತೆಂಟು ಪದರ ಎಣಿಸಿದ್ದೆ. ತೊಟ್ಟಿಯ ಸುತ್ತಳತೆ, ಆಳ, ಹಿಡಿಯುವ ನೀರು, ಅದರಲ್ಲಿ ನೆಂದ ತಲೆಗಳ ಲೆಕ್ಕ — ಎಲ್ಲವೂ ನನ್ನ ನೀಲಿ ನೋಟ್‌ಬುಕ್ಕಿನಲ್ಲಿತ್ತು. ಆ ತೊಟ್ಟಿ ನನ್ನದೆಂದೇ ನಾನು ತಿಳಿದಿದ್ದೆ.

ಚರ್ಚಿನ ಜುಬಿಲಿ ಬಂತು. ಸ್ಮರಣ ಸಂಚಿಕೆಯಲ್ಲಿ ತೊಟ್ಟಿಯ ಚರಿತ್ರೆ ಬರಬೇಕೆಂದಾಯಿತು. ನಾನು ನೋಟ್‌ಬುಕ್ ಹಿಡಿದು ಫಾದರ್ ಮುಂದೆ ನಿಂತೆ. ಅವರು ಪುಟ ತಿರುವಿ, ಮೆಚ್ಚಿ, ನಗುತ್ತಲೇ ಹೇಳಿದರು: "ನೀನು ಅಳತೆ ಎಲ್ಲಾ ಕೊಡಮ್ಮ. ಜೆಸಿಂತಾ ಬರೀಲಿ. ಅವಳು ಬರೆದ್ರೆ ಜನ ಓದ್ತಾರೆ."

ಜೆಸಿಂತಾ ನನ್ನ ಗೆಳತಿ. ಧರ್ಮೋಪದೇಶದ ತರಗತಿಯಿಂದಲೂ ಒಂದೇ ಬೆಂಚು. ಅವಳು ಏನನ್ನೂ ಬರೆದಿಟ್ಟುಕೊಳ್ಳುವವಳಲ್ಲ. ಹೋಗಿ ಜನರ ಜಗಲಿಯ ಮೇಲೆ ಕೂರುತ್ತಾಳೆ, ಅಷ್ಟೆ. ಹಾಗೆ ಒಂದು ಮಧ್ಯಾಹ್ನ ಮುನಿಯಮ್ಮಜ್ಜಿಯ ಜಗಲಿಯ ಮೇಲೆ ಕೂತಳು. ಊರಿನ ಹಳೆಯ ಒಕ್ಕಲು ಮನೆ ಅದು. ಈಗ ಮುಂದೆ ಮೂರಂತಸ್ತಿನ ಬಾಡಿಗೆ ಕಟ್ಟಡ, ಹಿಂದೆ ಎರಡು ಹಸು. ನಾನೂ ಜೊತೆಗಿದ್ದೆ.

"ಅದು ನಮ್ಮ ಬಾವಿತಾವ ಇದ್ದ ಕಲ್ಲುಬಾನಿ ಕಣವ್ವ," ಎಂದಿತು ಅಜ್ಜಿ. "ದನ ನೀರು ಕುಡೀತಿದ್ದದ್ದು. ನಮ್ಮೋರೇ ನಿಮ್ಮ ಗುಡಿಗೆ ಕೊಟ್ಟಿದ್ದು. ಅದ್ರ ಬೆನ್ನಾಗೆ ನಮ್ಮ ಇರೀಕರ ಎಸರೈತೆ ಅಂತ ನಮ್ಮತ್ತೆ ಏಳೋರು. ಒಂದ್ಸಲ ನಿಮ್ಮ ಗುಡೀಲಿ ಆ ಎಸರು ಓದ್ಬುಡಿ. ಕೇಳ್ಕೊಂಡು ವೋಯ್ತೀನಿ."

ನಾನು ವರ್ಷಗಟ್ಟಲೆ ಅಳೆದಿದ್ದೆ. ಜೆಸಿಂತಾ ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಕೂತಿದ್ದಳು. ಆ ದಿನ ಮನೆಗೆ ನಡೆಯುವಾಗ ಅವಳು ಖುಷಿಯಿಂದ ನನ್ನ ತೋಳು ಹಿಡಿದುಕೊಂಡಿದ್ದಳು. ಆ ಕೈ ನನಗೆ ಸುಟ್ಟ ಹಾಗಾಗುತ್ತಿತ್ತು — ಬೇರೆ ಹೇಗೆ ಹೇಳಲಿ? ಅವಳ ಲೇಖನ ಹಾಳಾಗಲಿ ಎಂದು ಪೂಜೆಯ ನಡುವೆಯೇ ಬೇಡಿಕೊಂಡಿದ್ದೇನೆ.

ಜುಬಿಲಿಗೆ ಮೂರು ವಾರವಿದ್ದಾಗ, ಪೀಠದ ಮುಂದೆ ಜಾಗ ಮಾಡಲು ತೊಟ್ಟಿಯನ್ನು ನಡುವಿನಿಂದ ಎತ್ತಿ ಗೋಡೆಗೆ ಸೇರಿಸುವುದೆಂದು ತೀರ್ಮಾನವಾಯಿತು. ಆ ದಿನ ಜೆಸಿಂತಾಗೆ ಸೋಲದೇವನಹಳ್ಳಿಯ ಕಾಲೇಜಿನಲ್ಲಿ ಪರೀಕ್ಷೆ. ಒಳಗೆ ಹೋಗುವ ಮುಂಚೆ ಫೋನ್ ಮಾಡಿದಳು. "ಹಿಂಬದಿ ನೋಡೇ, ಮರೀಬೇಡ. ಏನಾದ್ರೂ ಕಂಡ್ರೆ ಫೋಟೋ ತೆಗ್ದು ಕಳ್ಸು. ಪ್ಲೀಸ್ ಕಣೇ."

ತೊಟ್ಟಿಯನ್ನು ಹೊರಳಿಸುವಾಗ ಹಿಂಬದಿಯ ಸುಣ್ಣ ಹಾಳೆ ಹಾಳೆಯಾಗಿ ಬಿತ್ತು. ನಾಲ್ಕು ಸಾಲು. ದುಂಡನೆಯ, ಒತ್ತೊತ್ತಾದ ಹಳೆಯ ಕನ್ನಡದ ಅಕ್ಷರ — ಹೆಬ್ಬಾಳದ ಕಡೆಯ ಶಾಸನಗಳ ಚಿತ್ರಗಳಲ್ಲಿ ನೋಡಿದಂಥದ್ದು, ರಾಜರ ಕಾಲದ್ದು. ಮೊದಲ ಸಾಲಿನ ಒಂಬತ್ತು ಅಕ್ಷರಗಳನ್ನು ನೀಲಿ ನೋಟ್‌ಬುಕ್ಕಿಗೆ ಬರೆದುಕೊಂಡೆ. ಅದರೊಳಗೆ 'ಗವುಂಡ', ಅಂದರೆ ಊರ ಗೌಡ, ಎಂಬುದನ್ನು ನಾನೇ ಕೂಡಿಸಿ ಓದಿದೆ. ಒಂದು ಫೋಟೋ ತೆಗೆದೆ. ಅಜ್ಜಿ ಹೇಳಿದ್ದು ನಿಜವಾಗಿತ್ತು. ಅಂದರೆ ಜೆಸಿಂತಾ ಹೇಳಿದ್ದು ನಿಜವಾಗಿತ್ತು. ನನಗೆ ಎರಡನೆಯದು ಮಾತ್ರ ಕಂಡಿತು.

ಮೇಸ್ತ್ರಿ ಕರಣೆ ಹಿಡಿದು ಕಾದಿದ್ದ. "ಮೇಡಂ, ಏನೋ ಬರ್ದಂಗದೆ. ಬಿಡ್ಲಾ, ಮೆತ್ತಲಾ?"

"ಮೆತ್ತಿ," ಎಂದೆ.

ಅದೊಂದೇ ಮಾತು. ಅವನು ಸಿಮೆಂಟು ಬಳಿದು, ಆಳುಗಳನ್ನು ಕೂಡಿಸಿಕೊಂಡು ಕಲ್ಲನ್ನು ಗೋಡೆಗೆ ಒತ್ತಿದ. ಜೆಸಿಂತಾ ಸಂಜೆ ಓಡಿಬರುವ ಹೊತ್ತಿಗೆ ಗಾರೆ ಬಿಗಿದಿತ್ತು.

"ಏನೂ ಇರ್ಲಿಲ್ಲ ಕಣೇ. ಬರೀ ಉಳಿ ಗುರುತು." ಇದು ಮೊದಲನೆಯ ಗೆರೆ.

ಅವಳು ಅನುಮಾನಿಸಲಿಲ್ಲ. ಅನುಮಾನಿಸಿದ್ದರೆ ಬಹುಶಃ ನಾನು — ಇಲ್ಲ, ಆ ಮಾತು ಬೇಡ. "ನೀನು ನೋಡಿದ್ಮೇಲೆ ಮುಗೀತು ಬಿಡು," ಎಂದಳು. "ಒಂದು ಗೀಟಿದ್ರೂ ಎಣಿಸದೆ ಬಿಡೋಳಾ ನೀನು?"

ಸಂಚಿಕೆಯ ಸಮಿತಿ ಕೂತಿತು. ಹಿರಿಯರಾದ ಚೌರಪ್ಪನವರು ಅವಳ ಲೇಖನವನ್ನು ಮೇಜಿನ ಮೇಲಿಟ್ಟು, "ಅಲ್ಲಮ್ಮಾ, ನಮ್ಮಕ್ಳಿಗೆಲ್ಲಾ ದನದ ಬಾನೀಲಿ ಜ್ಞಾನಸ್ನಾನ ಆಯ್ತು ಅಂತೀಯಾ? ಹಂಗಾದ್ರೆ ಮುಂದಿನ ಸಲ ಹಿಂಡಿ, ಬೂಸಾನೂ ತರೋಣ ಬಿಡಿ," ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಫಾದರ್ ನನ್ನ ಕಡೆ ತಿರುಗಿ, ಹಿಂಬದಿಯಲ್ಲಿ ಏನಾದರೂ ಇತ್ತೇ ಎಂದು ಕೇಳಿದರು. ಎರಡನೆಯ ಗೆರೆ. ಸಂಚಿಕೆಯಲ್ಲಿ ಅಚ್ಚಾದದ್ದು ನನ್ನ ಅಳತೆಗಳು. ಕೆಳಗೆ ಒಂದು ಸಾಲು: ಈ ತೊಟ್ಟಿ ಎಲ್ಲಿಂದ ಬಂತೆಂದು ತಿಳಿದಿಲ್ಲ. ಆ ಪುಟದಲ್ಲಿ ನನ್ನ ಹೆಸರಿದೆ. ಜೆಸಿಂತಾ ಆಮೇಲೆ ಏನನ್ನೂ ಬರೆಯಲಿಲ್ಲ.

ಜುಬಿಲಿಯ ದಿನ ಮುನಿಯಮ್ಮಜ್ಜಿ ಬಂದು ಕೊನೆಯ ಬೆಂಚಿನಲ್ಲಿ ಕೂತಿತ್ತು, ಗಂಟಿನಲ್ಲಿದ್ದ ಹೊಸ ಸೀರೆ ಉಟ್ಟು. ಎರಡು ಗಂಟೆ ಕಾದಿತ್ತು. ಯಾವ ಹೆಸರನ್ನೂ ಯಾರೂ ಓದಲಿಲ್ಲ. ಜನ ಊಟಕ್ಕೆ ಎದ್ದ ಮೇಲೆ ಅಜ್ಜಿ ತೊಟ್ಟಿಯ ಬಳಿ ಹೋಗಿ, ಕೈಯಿಟ್ಟು, ಪಕ್ಕದಲ್ಲಿ ನಿಂತಿದ್ದ ನನ್ನನ್ನು ಕೇಳಿತು: "ಯಾಕವ್ವ, ಬೆನ್ನು ಗೋಡೆಗೆ ಮಾಡ್ಬುಟ್ಟಿದ್ದೀರಿ?"

ಮೇಸ್ತ್ರಿ ಹಾಗೆ ಇಟ್ಟ ಎಂದೆ. ಆಚೆ ಹೋಗಿ, ಫೋನಿನಿಂದ ಆ ಫೋಟೋ ಅಳಿಸಿದೆ. ನಾನು ಏನನ್ನೂ ಅಳಿಸುವವಳಲ್ಲ. ಅಜ್ಜಿ ಕಳೆದ ಆಷಾಢದಲ್ಲಿ ತೀರಿಕೊಂಡಿತು.

ಇವತ್ತು ಜೆಸಿಂತಾ ಸಂಜಯನಗರದ ಗಂಡನ ಮನೆಯಿಂದ ಎರಡು ತಿಂಗಳ ಮಗಳನ್ನು ಎತ್ತಿಕೊಂಡು ಪೂಜೆಗೆ ಬಂದಿದ್ದಳು. ಮುಂದಿನ ಭಾನುವಾರ ಅದೇ ತೊಟ್ಟಿಯಲ್ಲಿ ಜ್ಞಾನಸ್ನಾನ. "ನೀನೇ ಜ್ಞಾನತಾಯಿ. ತೊಟ್ಟಿ ಹತ್ರ ಮಗೂನ ನೀನೇ ಹಿಡೀಬೇಕು. ಬೇರೆ ಯಾರ್ನೂ ಕೇಳಲ್ಲ," ಎಂದಳು. ಆಮೇಲೆ ಗೋಡೆಯ ಕಡೆ ನೋಡಿ, ಸುಮ್ಮನೆ, "ನಿಜವಾಗ್ಲೂ ಏನೂ ಇರ್ಲಿಲ್ಲ ಅಲ್ವೇನೇ?" ಎಂದಳು. ಸಂಜೆ ಹೇಳುತ್ತೇನೆ ಎಂದು ಬಂದುಬಿಟ್ಟೆ. ಅವಳು ಯಾವುದಕ್ಕೆ ಉತ್ತರ ಎಂದುಕೊಂಡಳೋ.

ಸಂಜೆ ನೀಲಿ ನೋಟ್‌ಬುಕ್ಕನ್ನೂ ಈ ಹಾಳೆಗಳನ್ನೂ ಅವಳ ಕೈಗಿಡುತ್ತೇನೆ. ಮಗುವನ್ನು ಯಾರು ಹಿಡಿಯಬೇಕೆಂದು ಓದಿದ ಮೇಲೆ ಅವಳೇ ಹೇಳಲಿ. ನಂತರ ಇದನ್ನು ನಮ್ಮ ಚರ್ಚಿನ ಪತ್ರಿಕೆಗೆ ಕೊಡುತ್ತೇನೆ. ಚೌರಪ್ಪನವರೂ ಓದಲಿ, ಮುನಿಯಮ್ಮಜ್ಜಿಯ ಮೊಮ್ಮಕ್ಕಳೂ ಓದಲಿ.

ಗಾರೆ ಒಡೆದರೆ ಕಲ್ಲು ಸೀಳಬಹುದೆನ್ನುತ್ತಾರೆ. ನನ್ನಲ್ಲಿ ಉಳಿದಿರುವುದು ಒಂಬತ್ತು ಅಕ್ಷರ. ಮೂರು ಸಾಲು ಪೂರ್ತಿ ಹೋಗಿವೆ. ಆ ದಿನ ಕೆಲಸಕ್ಕೆ ಬಂದಿದ್ದ ಮೇಸ್ತ್ರಿಯೋ ಆಳುಗಳೋ ಮೊಬೈಲಿನಲ್ಲಿ ಫೋಟೋ ತೆಗೆದಿದ್ದಿರಬಹುದು. ಅವರ ಹೆಸರನ್ನು ನಾನು ಬರೆದಿಟ್ಟುಕೊಳ್ಳಲಿಲ್ಲ. ಆ ಕಲ್ಲುಬಾನಿಯ ಬಗ್ಗೆ ಅಜ್ಜಿಯಂತೆ ಹಿರಿಯರ ಬಾಯಲ್ಲಿ ಕೇಳಿದವರು ಹಳೆಯ ಮನೆಗಳಲ್ಲಿ ಇನ್ನೂ ಇರಬಹುದು. ಗೊತ್ತಿರುವವರು ದಯವಿಟ್ಟು ಚರ್ಚಿಗೆ ಬರೆದು ಕಳಿಸಿ. ಕಾಗದದ ಮೇಲೆ ಜೆಸಿಂತಾಳ ಹೆಸರು ಬರೆಯಿರಿ, ನನ್ನದಲ್ಲ.