ಕೆನ್ನೆಗೊತ್ತಿದ ಕಲ್ಲು

ಇವತ್ತು ಬೆಳಿಗ್ಗೆ ಸೇಡಂನ ಹಲ್ಲಿನ ಡಾಕ್ಟರ ಹೊರಗೋಣೆಯಲ್ಲಿ ಕೂತಿದ್ದೆ. ಬಲಗೆನ್ನೆ ಎಷ್ಟು ಊದಿತ್ತೆಂದರೆ ಎದುರಿಗೆ ಕೂತ ಮಗುವೊಂದು ನನ್ನನ್ನು ನೋಡಿ ಅವ್ವನ ಸೆರಗಿನೊಳಗೆ ಮುಖ ಹುದುಗಿಸಿತು. ಒಳಗಿನಿಂದ ಲವಂಗದೆಣ್ಣೆಯ ವಾಸನೆ ಬರುತ್ತಿತ್ತು. ನಿಮಗೆ ಅದರಿಂದ ಪಲಾವಿನ ನೆನಪಾಗಬಹುದು. ನನಗೆ ವಾಡಿಯ ರೈಲ್ವೆ ಕ್ವಾರ್ಟರ್ಸಿನ ಒಂದು ಅಡುಗೆಮನೆ, ಒಲೆಯ ಮುಂದೆ ಕೂತ ಚಿಗವ್ವ ನೆನಪಾಗುತ್ತಾಳೆ.

ಚಿಗವ್ವ ಎಂದರೆ ನನ್ನ ತಾಯಿಯ ತಂಗಿ. ಗಂಡ, ನಮ್ಮ ಕಾಕಾ, ರೈಲ್ವೆಯಲ್ಲಿದ್ದರು. ಸಿಮೆಂಟ್ ಕಾರ್ಖಾನೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ನಾನು ಅವರ ಮನೆಯಲ್ಲೇ ಉಳಿದಿದ್ದೆ. ಬೆಳಿಗ್ಗೆ ಲಿಂಗಪೂಜೆಗೆ ಕೂರುವ ಮುನ್ನ ಚಿಗವ್ವನಿಗೆ ಇನ್ನೊಂದು ಪೂಜೆಯಿತ್ತು. ಸುಟ್ಟ ತಂಬಾಕಿನ ಪುಡಿ, ಅಂದರೆ ಮಿಶ್ರಿ, ಬೆರಳಿಗೆ ಹಚ್ಚಿ ಹಲ್ಲು ತಿಕ್ಕುತ್ತ ಕೂತರೆ ಒಂದು ರೈಲು ಹೋಗಿ ಇನ್ನೊಂದು ಬರುವತನಕ ಏಳುತ್ತಿರಲಿಲ್ಲ.

“ಹಲ್ಲು ಹಾಳಾಗ್ತಾವ, ಚಿಗವ್ವಾ.”

“ನಿನ್ನವು ಪೇಸ್ಟಿನ ಹಲ್ಲು. ಒಂದ್ ಕಬ್ಬು ಕಡದು ತೋರ್ಸು, ನೋಡೂಣು.”

ನಾನು ತೋರಿಸುತ್ತಿರಲಿಲ್ಲ. ನನ್ನ ಹಲ್ಲಿನ ಯೋಗ್ಯತೆ ನನಗೆ ಗೊತ್ತಿತ್ತು.

ಸಾಲಿನ ಮನೆಗಳಲ್ಲಿ ಯಾರಿಗೆ ಹಲ್ಲುನೋವು, ನಮ್ಮ ಮಾತಿನಲ್ಲಿ ಬ್ಯಾನಿ, ಎದ್ದರೂ ಅವಳ ಬಾಗಿಲಿಗೇ ಬರುತ್ತಿದ್ದರು. ನಮ್ಮ ಕಡೆ ನೆಲಕ್ಕೂ ಕಟ್ಟೆಗೂ ಶಹಾಬಾದ ಕಲ್ಲೇ ಅಲ್ಲವೇ. ನೆಲ ಹಾಸುವಾಗ ಮುರಿದ ಅಂಗೈಯಗಲದ ತುಂಡೊಂದನ್ನು ಅವಳು ಜೋಪಾನ ಮಾಡಿದ್ದಳು. ಅದನ್ನು ಒಲೆಯಲ್ಲಿ ಕಾಯಿಸಿ, ಹಳೆಯ ಸೀರೆಯ ಚೂರಿನಲ್ಲಿ ಸುತ್ತಿ ಕೆನ್ನೆಗೆ ಒತ್ತುವಳು. ಹಲ್ಲಿಗೆ ಲವಂಗದೆಣ್ಣೆಯ ಹತ್ತಿ. “ಕೀವು ಹಣ್ಣಾಗಿ ತಾನೇ ಒಡೀತದ, ಕುಂದ್ರಿ” ಎನ್ನುವಳು. ಒಡೆಯುತ್ತಿತ್ತು ಕೂಡ. ಬಂದವರು ಚಹಾ ಕುಡಿದು ನಗುತ್ತ ಹೋಗುತ್ತಿದ್ದರು. ಆಮೇಲೆ ಅವರಿಗೇನಾಯಿತೆಂದು ಯಾರೂ ಕೇಳುತ್ತಿರಲಿಲ್ಲ. ಬ್ಯಾನಿ ಹೋದ ಮೇಲೆ ಕೇಳುವುದೇನಿತ್ತು?

ಒಂದು ಬೇಸಿಗೆ ಅವಳದೇ ದವಡೆ ಹಲ್ಲಿಗೆ ಬ್ಯಾನಿ ಎದ್ದಿತು. ಒಸಡಿನಲ್ಲಿ ಕೀವಿನ ಗಂಟು, ಮೈಯಲ್ಲಿ ಜ್ವರ. ಕಲಬುರಗಿಗೆ ಹೋಗೋಣವೆಂದು ಕಾಕಾ ಗೋಗರೆದರು.

“ಮಂದಿಗೆಲ್ಲ ಕಲ್ಲು ಕೊಟ್ಟಾಕಿ ನಾನು. ನಾನೇ ಡಾಕ್ಟರ್ ಬಲ್ಲಿ ಓಡಿದ್ರ ನಾಳಿ ಯಾರು ನಂಬ್ತಾರ?”

ಕಲ್ಲು ಕಾಯಿಸಿಕೊಂಡಳು. ಗಂಟು ಒಡೆಯಿತು. ಬಚ್ಚಲಲ್ಲಿ ಉಗುಳಿ ಬಂದವಳ ಮುಖವನ್ನು ನೀವು ನೋಡಬೇಕಿತ್ತು! “ಹೋಯ್ತು ನೋಡು ಪೀಡಾ” ಎಂದು ಅಂದೇ ಹೋಳಿಗೆ ಮಾಡಿದಳು. ತುಪ್ಪ ಸುರಿಸಿಕೊಂಡು ತಿಂದೆವು.

ಆ ಹೋಳಿಗೆಯ ಮೇಲೆ ನನಗೆ ಇಂದಿಗೂ ಸಿಟ್ಟು. ಅದೇ ವಾರ ಬಾವು ಗದ್ದದ ಕೆಳಗೆ ಇಳಿಯಿತು, ಮುಟ್ಟಿದರೆ ಕಟ್ಟಿಗೆಯಂತೆ ಗಟ್ಟಿ. ಬಾಯಿ ತೆರೆಯದು, ಉಗುಳು ನುಂಗಲಾಗದು. “ಬ್ಯಾನಿ ಭಾಳ ಇಲ್ಲೋ. ಗಂಟಲಾಗ ಏನೋ ಕುಂತದ” ಎಂದಳು, ನಾಲಿಗೆ ದಪ್ಪವಾದವರ ಹಾಗೆ. ಜೀಪಿನಲ್ಲಿ ಒಯ್ಯುವಾಗ ಶಹಾಬಾದದ ಹತ್ತಿರ ಉಸಿರಿಗಾಗಿ ಒದ್ದಾಡತೊಡಗಿದಳು. ಕಾಕಾ ಅವಳ ಬೆನ್ನು ಸವರುತ್ತಲೇ ಇದ್ದರು. ಕಲಬುರಗಿಯ ಆಸ್ಪತ್ರೆಯ ಬಾಗಿಲಿಗೆ ಬಂದಾಗ ಅವಳಲ್ಲಿ ಉಸಿರಿರಲಿಲ್ಲ.

ಹಲ್ಲಿನಿಂದ ಮನುಷ್ಯರು ಸಾಯುತ್ತಾರೆಂದು ವಾಡಿಯಲ್ಲಿ ಯಾರೂ ನಂಬಲಿಲ್ಲ. ದೃಷ್ಟಿ ತಾಗಿತು ಎಂದರು. ಕಾಕಾ ಮಾತ್ರ ಆ ಕಲ್ಲನ್ನು ಎತ್ತಿಕೊಂಡು ಹೋಗಿ ಎಲ್ಲೋ ಎಸೆದು ಬಂದರು. ಆದರೆ ನಮ್ಮ ಊರುಗಳಲ್ಲಿ ಕಲ್ಲಿಗೇನು ಬರ?

ಅಷ್ಟರಲ್ಲಿ ನನ್ನ ಹೆಸರು ಕೂಗಿದರು. ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹುಡುಗಿ. ಒಸಡು ಕೊಯ್ದು ಕೀವು ತೆಗೆದು ತೊಳೆದಳು. ನೋವಿನ ಹಿಡಿತ ಸಡಿಲಾಗಿ ನನಗೆ ಜೀವ ಬಂದ ಹಾಗಾಯಿತು.

“ಕೀವು ಹೋದ ಕೂಡ್ಲೆ ಬ್ಯಾನಿ ಹೋಗ್ತದ್ರಿ. ಬೇರಿನಾಗಿನ ರೋಗ ಹೋಗಂಗಿಲ್ಲ. ಬ್ಯಾನಿ ಇಲ್ಲಂತ ಮನ್ಯಾಗ ಕುಂದರಬ್ಯಾಡ್ರಿ, ನಾಳಿ ಮತ್ತ ಬರ್ರಿ. ಕಾಸಿದ್ದು ಏನೂ ಒತ್ತಬ್ಯಾಡ್ರಿ. ಗದ್ದದ ಕೆಳಗ ಬಾವು ಇಳದ್ರ, ನುಂಗಾಕ ಆಗ್ಲಿಲ್ಲಂದ್ರ, ಆ ಕ್ಷಣನೇ ದೊಡ್ಡ ದವಾಖಾನಿಗೆ ಓಡ್ರಿ.”

ನನಗೆ ಅಳು ಬಂತು. ಕೊಯ್ದ ನೋವೆಂದು ತಿಳಿದು ಅವಳು ಬಾಯಿಗೆ ಇನ್ನಷ್ಟು ಹತ್ತಿ ಇಟ್ಟಳು.

ಮನೆಗೆ ಬಂದರೆ ಹೆಂಡತಿ ಹೊಸ್ತಿಲಲ್ಲೇ ನಿಂತಿದ್ದಾಳೆ. ಅವಳು ಚಿಂಚೋಳಿಯವಳು, ಚಿಗವ್ವನನ್ನು ಕಂಡವಳಲ್ಲ. ಕೈಯಲ್ಲಿ ಬಟ್ಟೆ ಸುತ್ತಿದ, ಆಗಷ್ಟೇ ಕಾಯಿಸಿದ ಕಲ್ಲು. ತೆಗೆದುಕೊಂಡೆ. ಬೆಚ್ಚಗಿತ್ತು, ಹಿತವಾಗಿತ್ತು; ಕೆನ್ನೆಗೆ ಒತ್ತಿಕೊಳ್ಳಬೇಕು ಅನ್ನಿಸಿದ್ದು ಸುಳ್ಳಲ್ಲ. ಅಂಗಳದ ತೊಟ್ಟಿಯ ನೀರಿಗೆ ಹಾಕಿದೆ.

“ಯಾಕ್ರಿ, ಬ್ಯಾನಿ ಹೋಯ್ತೇನು?”

“ಪೂರಾ ಹೋಗ್ಯಾದ” ಅಂದೆ. “ಅದಕ್ಕೇ ನಾಳಿ ಮತ್ತ ಹೋಗಬೇಕು.”